ಎಷ್ಟರಲ್ಲಿ ಎಷ್ಟು?

ನಮ್ಮ ಮೆಡಿಕಲ್ ವಾರ್ಡಿನಲ್ಲಿ ಒಬ್ಬರು ಸೀನಿಯರ್ ಸಿಸ್ಟರ್ ಇದ್ದರು. ಯಾವ ಔಷಧಿ ಸಿರಿಂಜಿಗೆ ಎಳೆದುಕೊಂಡು ಹೋಗಿ ತೋರಿಸಿದರೂ ಅವರದ್ದು ಒಂದೇ ಪ್ರಶ್ನೆ. "ಎಷ್ಟರಲ್ಲಿ ಎಷ್ಟು?"

"ಎರಡು ಎಂಎಲ್ ಸಿಸ್ಟರ್" ಅಂದರೆ ರಿಜಿಸ್ಟರ್‌ನಿಂದ ತಲೆ ಎತ್ತದೆ ಮತ್ತೆ ಅದನ್ನೇ ಕೇಳೋರು. "ಇಪ್ಪತ್ತು ಮಿಲಿಗ್ರಾಂ ಸಿಸ್ಟರ್" ಅಂದರೂ ಅಷ್ಟೇ. ಎರಡು ಎಂಎಲ್‌ನಲ್ಲಿ ಇಪ್ಪತ್ತು ಮಿಲಿಗ್ರಾಂ ಲಾಸಿಕ್ಸ್ ಅಂತ ಪೂರ್ತಿ ಹೇಳಿದರೆ ಮಾತ್ರ ಕೈ ಮುಂದೆ ಚಾಚಿ ಆಂಪ್ಯೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಕೇಳೋರು, ಕನ್ನಡಕ ಹಣೆಗೇರಿಸಿ ಲೇಬಲ್ ಓದೋರು. ಹಾಸ್ಟೆಲಿನಲ್ಲಿ ನಮಗೆ ಇದು ದೊಡ್ಡ ತಮಾಷೆ. ಸಾರು ಬಡಿಸುವಾಗ "ಎಷ್ಟರಲ್ಲಿ ಎಷ್ಟು?" ಅಂತ ಕೇಳುವುದು, ನೀರು ಜಾಸ್ತಿ ಆದ ಸಾಂಬಾರಿಗೆ "ಒಂದು ಲೀಟರ್‌ನಲ್ಲಿ ಎರಡು ಬೇಳೆ" ಅಂತ ಉತ್ತರ ಕೊಡುವುದು. ಈಗ ನರ್ಸಿಂಗ್‌ನ ಎಂಟನೇ ಸೆಮಿಸ್ಟರ್‌ನಲ್ಲಿದ್ದೇನೆ. ಆ ಪ್ರಶ್ನೆ ತಮಾಷೆಯಾಗಿ ಉಳಿದಿಲ್ಲ.

ನಮ್ಮ ಸಿಲಬಸ್‌ನಲ್ಲಿ ಫಾರ್ಮಕಾಲಜಿ, ಅಂದರೆ ಔಷಧಿಗಳ ಪಾಠ, ಎರಡು ಭಾಗ. ಮೂರನೇ ಸೆಮಿಸ್ಟರ್‌ನಲ್ಲಿ ಒಂದು, ನಾಲ್ಕರಲ್ಲಿ ಇನ್ನೊಂದು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಹಾನಗಲ್ ಕಡೆಯ ಹಳ್ಳಿ ಶಾಲೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡು ಹೇಗೋ ಈಜಿದ್ದೆ. ಆದರೆ ಫಾರ್ಮಕಾಲಜಿ ಪುಸ್ತಕ ತೆರೆದ ದಿನ ಇದು ಇಂಗ್ಲಿಷ್ ಕೂಡ ಅಲ್ಲ ಅನ್ನಿಸಿತು. ಇಂಗ್ಲಿಷ್ ಮೀಡಿಯಂ ಹುಡುಗಿಯರೂ ಅದೇ ಮುಖ ಮಾಡಿದ್ದು ನೋಡಿ ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ.

ಹೆಸರುಗಳಿಗೆ ಬಾಲ ಇರುತ್ತವೆ ಅನ್ನೋದು ಮೊದಲು ಸಿಕ್ಕ ದಾರಿ. ಕೊನೆಯಲ್ಲಿ 'ಪ್ರಿಲ್' ಇದ್ದರೆ ಬಿಪಿ ಮಾತ್ರೆ, ಒಣ ಕೆಮ್ಮು ಬರಬಹುದು. 'ಒಲಾಲ್' ಇದ್ದರೆ ನಾಡಿ ನಿಧಾನ ಮಾಡುವುದು, ಅಸ್ತಮಾ ಇದೆಯಾ ಕೇಳಬೇಕು. 'ಸ್ಟಾಟಿನ್' ಕೊಬ್ಬಿಗೆ. 'ಸಾರ್ಟನ್' ಮತ್ತೆ ಬಿಪಿಗೆ. ಹಾಸ್ಟೆಲ್ ಗೋಡೆಗೆ ಹಳೇ ಕ್ಯಾಲೆಂಡರ್ ಹಿಂದಿನ ಬಿಳಿ ಹಾಳೆ ಅಂಟಿಸಿ ಬಾಲಗಳನ್ನೆಲ್ಲ ಬರೆದಿದ್ದೆವು. ಪರೀಕ್ಷೆಗೆ ಅಷ್ಟು ಸಾಕಿತ್ತು. ಔಷಧಿ ಯಾವುದೇ ಇರಲಿ, ಅಡ್ಡ ಪರಿಣಾಮ ಅಂದರೆ ವಾಕರಿಕೆ, ವಾಂತಿ, ತಲೆಸುತ್ತು ಅಂತ ಬರೆದರೆ ಅರ್ಧ ಮಾರ್ಕ್ಸ್ ಗ್ಯಾರಂಟಿ. 'ನರ್ಸಿನ ಜವಾಬ್ದಾರಿಗಳು' ಅನ್ನೋ ಪ್ರಶ್ನೆಗಂತೂ ಎಲ್ಲ ಔಷಧಿಗೂ ಅವೇ ಐದು ಸಾಲು. ಬಿಪಿ ನೋಡಿ, ಅಲರ್ಜಿ ಕೇಳಿ, ಚಾರ್ಟ್‌ನಲ್ಲಿ ಬರೆಯಿರಿ, ಹೀಗೆ. ನಾನು ಒಳ್ಳೆ ಮಾರ್ಕ್ಸ್ ತಗೊಂಡೆ. ಒಂದು ಆಂಪ್ಯೂಲನ್ನೂ ಒಡೆಯದೆ.

ಕೆಲವು ವಿಷಯ ಮಾತ್ರ ಪಾಠದಲ್ಲೇ ಮನಸ್ಸಿಗೆ ಇಳಿದವು. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಲಿವರಿಗೆ ಹೋಗುತ್ತದೆ, ಅಲ್ಲಿ ಸ್ವಲ್ಪ ಕಳೆದುಕೊಂಡು ಆಮೇಲೆ ಮೈಗೆಲ್ಲ ಹರಿಯುತ್ತದೆ. ನಮ್ಮ ಮೇಡಂ ಇದನ್ನು ಹೈವೇ ಟೋಲ್‌ಗೆ ಹೋಲಿಸಿದ್ದರು. ಎದೆನೋವಿಗೆ ಸಾರ್ಬಿಟ್ರೇಟ್ ನಾಲಿಗೆ ಕೆಳಗೆ ಇಡುವುದು ಯಾಕೆ ಅಂದರೆ ಅದು ಟೋಲ್ ತಪ್ಪಿಸಿ ಹೋಗುವ ಹಳ್ಳಿ ದಾರಿ. ಹಾಗೇ ಡಿಗಾಕ್ಸಿನ್ ಅನ್ನೋ ಹೃದಯದ ಮಾತ್ರೆ. ಅದು ಮೈಯಿಂದ ಅರ್ಧ ಖಾಲಿಯಾಗಲು ಸುಮಾರು ಒಂದೂವರೆ ದಿನ ಬೇಕು, ಕಿಡ್ನಿ ಸೋತವರಿಗೆ ಇನ್ನೂ ಜಾಸ್ತಿ. ಮನೆಗೆ ದಿನಾ ಒಬ್ಬ ನೆಂಟ ಬಂದು, ವಾರಕ್ಕೆ ಇಬ್ಬರೇ ಹೊರಟರೆ ಏನಾಗುತ್ತದೆ? ಅದಕ್ಕೇ ಕೊಡುವ ಮೊದಲು ಎದೆಯ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುವುದು, 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ಹೇಳುವುದು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಹಾಗಿಲ್ಲ, ತಪ್ಪುತಪ್ಪಾಗಿ ಬಡಿಯುವ ಹೃದಯಕ್ಕೆ ಆ ಲೆಕ್ಕ ಹಿಡಿಯೋದಿಲ್ಲ.

ವಾರ್ಡಿಗೆ ಕಾಲಿಟ್ಟ ಮೇಲೆ ಗೊತ್ತಾಗಿದ್ದು, ಗೋಡೆ ಮೇಲೆ ಬರೆದಿದ್ದ ಐದು 'ಸರಿ'ಗಳು (ಸರಿಯಾದ ರೋಗಿ, ಸರಿಯಾದ ಔಷಧಿ, ಡೋಸ್, ದಾರಿ, ಸಮಯ) ಓದೋಕೆ ಎಷ್ಟು ಸುಲಭವೋ ಮಾಡೋಕೆ ಅಷ್ಟೇ ಕಷ್ಟ. ಮೊದಲನೆಯದನ್ನೇ ತಗೊಳ್ಳಿ. ನಮ್ಮ ಕಡೆ ಗಂಡಸರ ವಾರ್ಡಿನಲ್ಲಿ ಯಾವ ದಿನ ನೋಡಿದರೂ ಮೂವರು ಬಸಪ್ಪ ಇರುತ್ತಾರೆ. "ಬಸಪ್ಪ ಅಂದ್ರೆ ನೀವೇನಾ?" ಅಂದರೆ ಕಿವಿ ಸರಿಯಾಗಿ ಕೇಳದ ಪ್ರತಿ ಅಜ್ಜನೂ "ಹೂಂ" ಅನ್ನುತ್ತಾನೆ. ಡಾಕ್ಟರ್, ಸಿಸ್ಟರ್ ಏನು ಕೇಳಿದರೂ ಹೂಂ ಅನ್ನೋದು ಮರ್ಯಾದೆ ಅಂತ ಅವರ ಲೆಕ್ಕ. "ನಿಮ್ಮ ಹೆಸರೇನು? ಯಾವೂರು?" ಅಂತ ಕೇಳಿ, ಉತ್ತರ ಅವರ ಬಾಯಿಂದಲೇ ಬರಬೇಕು, ಆಮೇಲೆ ಚೀಟಿ ನೋಡಬೇಕು. ಬೆಡ್ ನಂಬರ್ ನಂಬುವ ಹಾಗೇ ಇಲ್ಲ. ಫ್ಯಾನ್ ಕೆಳಗಿನ ಬೆಡ್ ಖಾಲಿಯಾದ ಕೂಡಲೇ ಪಕ್ಕದವರು ದಿಂಬು ಹಿಡಿದು ಹೊರಟುಬಿಡುತ್ತಾರೆ.

ಈಗ ಇನ್ಸುಲಿನ್ ಕತೆ. ಇದನ್ನು ಬರೆಯೋಕೆ ಎರಡು ವರ್ಷ ಬೇಕಾಯಿತು.

ಸಂಜೆ ಡ್ಯೂಟಿ. ವಾರ್ಡ್ ತುಂಬಿತ್ತು, ನೆಲದ ಮೇಲೂ ಹಾಸಿಗೆ. ಇದ್ದವರು ಒಬ್ಬರೇ ಸ್ಟಾಫ್ ಸಿಸ್ಟರ್, ಅವತ್ತು ಅವರೇ ನಮ್ಮ "ಎಷ್ಟರಲ್ಲಿ ಎಷ್ಟು" ಸಿಸ್ಟರ್. ಅವರು ಇನ್ನೊಂದು ತುದಿಯಲ್ಲಿ ಉಸಿರಾಡಲು ಒದ್ದಾಡುತ್ತಿದ್ದವರ ಹತ್ತಿರ ಇದ್ದರು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜನಿಗೆ ರಾತ್ರಿ ಎಂಟಕ್ಕೆ 16 ಯೂನಿಟ್ ಗ್ಲಾರ್ಜಿನ್. ನಮ್ಮಲ್ಲಿ ಆ ಇನ್ಸುಲಿನ್ ಇರಲಿಲ್ಲ, ಮನೆಯವರೇ ತಮ್ಮ ವಯಲ್ (ಔಷಧಿ ಬಾಟಲಿ) ತಂದಿದ್ದರು, ಉಕ್ಕಿನ ಲೋಟದಲ್ಲಿ ಐಸ್ ಹಾಕಿ ಬಟ್ಟೆ ಸುತ್ತಿ. ನಾನು ಟ್ರಾಲಿಯಿಂದ ಇನ್ಸುಲಿನ್ ಸಿರಿಂಜ್ ತೆಗೆದೆ, ವಯಲ್ ಮೂತಿ ಒರೆಸಿದೆ, ಗಾಳಿ ಬಿಟ್ಟೆ, 16ರ ಗೆರೆಗೆ ಸರಿಯಾಗಿ ಎಳೆದೆ. ಗುಳ್ಳೆ ಇಲ್ಲ. ಕೈ ನಡುಗಲಿಲ್ಲ. ಬಹಳ ಹೆಮ್ಮೆ ಆಯಿತು.

ಅಜ್ಜಿ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನನ್ನ ಕೈ ನೋಡಿದಳು.

"ನಮ್ದು ಕಿತ್ತಳಿ ಟೊಪ್ಪಿಗಿದು ಬೇ. ಇದು ಕೆಂಪ್ ಟೊಪ್ಪಿಗಿದು. ಬ್ಯಾರೆ ಅಲ್ಲೇನು?"

ನನ್ನ ಬಾಯಿಗೆ ಬಂದ ಮೊದಲ ಮಾತು "ಎರಡೂ ಒಂದೇ ಅಜ್ಜಿ". ಅದು ನಾಲಿಗೆ ತುದಿಯಲ್ಲೇ ನಿಂತಿದ್ದು ಜಾಣತನದಿಂದ ಅಲ್ಲ. ಅವಳು ಕೇಳಿದ ರೀತಿಗೆ. ಏನೂ ಗೊತ್ತಿಲ್ಲದವಳು ಕೇಳುವ ಹಾಗಿರಲಿಲ್ಲ, ದಿನಾ ಆ ಕೆಲಸ ಮಾಡಿದವಳು ಕೇಳುವ ಹಾಗಿತ್ತು. ಅವಳಿಗೆ ಓದೋಕೆ ಬರೋದಿಲ್ಲ, ಆದರೆ ವರ್ಷಗಟ್ಟಲೆ ಗಂಡನ ಹೊಟ್ಟೆಗೆ ಸೂಜಿ ಚುಚ್ಚಿದವಳು ಅವಳೇ.

ಇನ್ಸುಲಿನ್ ಬಗ್ಗೆ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಎರಡು ಥರದ ಇನ್ಸುಲಿನ್ ಒಟ್ಟಿಗೇ ಓಡಾಡುತ್ತವೆ. ಮಾಮೂಲಿ ಅಗ್ಗದ ವಯಲ್‌ಗಳಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಗ್ಲಾರ್ಜಿನ್ ಥರದ್ದು, ಪೆನ್ನಿಗೆ ಹಾಕುವ ಕಾರ್ಟ್ರಿಜ್‌ಗಳು, ಇವು ಹೆಚ್ಚಾಗಿ ಒಂದು ಎಂಎಲ್‌ಗೆ 100 ಯೂನಿಟ್. ಸಿರಿಂಜ್‌ಗಳೂ ಅದಕ್ಕೆ ತಕ್ಕಂತೆ ಎರಡು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಎರಡರ ಮೇಲೂ 'ಯೂನಿಟ್' ಅಂತಲೇ ಬರೆದಿರುತ್ತದೆ, ಎರಡರಲ್ಲೂ 16ರ ಹತ್ತಿರ ಗೆರೆ ಸಿಗುತ್ತದೆ. ಆದರೆ ಕೆಂಪು ಸಿರಿಂಜಿನ 16 ಅಂದರೆ 0.4 ಎಂಎಲ್. 40ರ ಇನ್ಸುಲಿನ್ ಆಗಿದ್ದರೆ ಅದು 16 ಯೂನಿಟ್ಟೇ. 100ರ ಇನ್ಸುಲಿನ್‌ನಲ್ಲಿ ಅದೇ 0.4 ಎಂಎಲ್ ಅಂದರೆ 40 ಯೂನಿಟ್. ಎರಡೂವರೆ ಪಟ್ಟು. ಅದು ರಾತ್ರಿಯಿಡೀ, ಮಾರನೇ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್. ಅಜ್ಜ ಎರಡು ಇಡ್ಲಿ ತಿಂದು ಮಲಗುವವ. ನಡುರಾತ್ರಿ ಸಕ್ಕರೆ ಇಳಿದು ಬೆವರಿದರೆ ಸೆಕೆ ಅಂದುಕೊಳ್ಳುತ್ತಾರೆ, ಮಾತಾಡದಿದ್ದರೆ ನಿದ್ದೆ ಅಂದುಕೊಳ್ಳುತ್ತಾರೆ.

ನಾನು ಈ ಲೆಕ್ಕವನ್ನು ಪರೀಕ್ಷೆಯಲ್ಲಿ ಮಾಡಿದ್ದೆ. ಸರಿಯಾಗಿಯೇ ಮಾಡಿದ್ದೆ.

ಸಿರಿಂಜ್ ಹಿಡಿದುಕೊಂಡೇ ಸಿಸ್ಟರ್ ಹತ್ತಿರ ಹೋದೆ. ಅವರು ಮಾಸ್ಕ್ ಸರಿ ಮಾಡುತ್ತಾ, ನನ್ನ ಕಡೆ ನೋಡದೆ, "ಎಷ್ಟರಲ್ಲಿ ಎಷ್ಟು?" ಅಂದರು. ಉತ್ತರ ಹೇಳುವ ಹೊತ್ತಿಗೆ ಕಣ್ಣಲ್ಲಿ ನೀರು. ಅವರು ಬೈಯಲಿಲ್ಲ. ಸಿರಿಂಜ್ ಇಸಿದುಕೊಂಡು ಡಬ್ಬಕ್ಕೆ ಹಾಕಿ, "ಕಿತ್ತಳೆದು ತಗೊಂಡು ಬಾ, ನನ್ನ ಎದುರಿಗೆ ಎಳಿ" ಅಂದರು. ಹಾಗೇ ಮಾಡಿದೆ. ಕಿತ್ತಳೆ ಸಿರಿಂಜಿನಲ್ಲಿ 16 ಎಷ್ಟು ಸ್ವಲ್ಪ ಇತ್ತು ಅಂದರೆ, ಆ ಹನಿ ನೋಡಿ ಹೊಟ್ಟೆ ತೊಳಸಿತು.

ಮಾರನೇ ದಿನ ನಾನಾಗಿಯೇ ನಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ ಹೇಳಿದೆ. ಅದರ ಫಲ ಇಷ್ಟೇ, ಇಡೀ ಬ್ಯಾಚಿನ ಮುಂದೆ ನಿಲ್ಲಿಸಿ ಅರ್ಧ ಗಂಟೆ ಬೈಗುಳ. "ಒಂದು ಜೀವ ತೆಗೀತಿದ್ದೆ" ಅನ್ನೋದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೆಂಪು, ಕಿತ್ತಳೆ ಎರಡೂ ಸಿರಿಂಜ್ ಒಂದೇ ಟ್ರೇಯಲ್ಲಿ ಕಲೆಸಿ ಯಾಕಿದ್ದವು, ಇನ್ಸುಲಿನ್ ಥರದ ಔಷಧಿಯನ್ನು ಇಬ್ಬರು ನೋಡಿ ಕೊಡಬೇಕು ಅಂತ ನೀವೇ ಪಾಠ ಮಾಡಿದ ಮೇಲೆ ಆ ಎರಡನೇ ಮನುಷ್ಯ ಯಾರು, ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಎಲ್ಲೂ ಬರೆದಿಡಲೂ ಇಲ್ಲ. ಆಗದೇ ಹೋದ ತಪ್ಪಿಗೆ ಫಾರ್ಮ್ ಯಾಕೆ ಅಂದರು. ಆಮೇಲಿನ ಇಡೀ ಸೆಮಿಸ್ಟರ್ ನಮ್ಮ ಬ್ಯಾಚಿನಲ್ಲಿ ಯಾರೂ ಒಂದು ತಪ್ಪೂ ಮಾಡಲಿಲ್ಲ. ಮಾಡಿದ್ದನ್ನು ಯಾರೂ ಹೇಳಲಿಲ್ಲ ಅಂತ ಓದಿಕೊಳ್ಳಿ. ರಾತ್ರಿ ಲೈಟ್ ಆರಿಸಿದ ಮೇಲೆ ಹಾಸ್ಟೆಲ್‌ನಲ್ಲಿ ಕೇಳಿಸುತ್ತಿದ್ದ ಪಿಸುಮಾತು ಬೇರೇನೇ ಇತ್ತು.

ಆ ವಾರ ನಿದ್ದೆ ಬರದೆ ಇನ್ಸುಲಿನ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1921ರಲ್ಲಿ ಟೊರೊಂಟೊದಲ್ಲಿ ಅದನ್ನು ಹೊರತೆಗೆದರು, 1922ರ ಜನವರಿಯಲ್ಲಿ ಮೊದಲ ಸಲ 14 ವರ್ಷದ ಒಬ್ಬ ಹುಡುಗನಿಗೆ ಕೊಟ್ಟರು. ಆಗ ಅದನ್ನು ಶುದ್ಧ ಮಾಡಿ ತೂಕ ಹಾಕುವ ದಾರಿ ಇರಲಿಲ್ಲ, ಒಂದು ಸಲ ತೆಗೆದದ್ದರಷ್ಟೇ ಶಕ್ತಿ ಇನ್ನೊಂದು ಸಲದ್ದಕ್ಕೆ ಇರುತ್ತಿರಲಿಲ್ಲ. ಹಾಗಾಗಿ ಮೊಲದ ಮೇಲೆ ಅಳೆದರು. ಉಪವಾಸ ಕೆಡವಿದ ಎರಡು ಕೆಜಿ ಮೊಲದ ಸಕ್ಕರೆಯನ್ನು ಅದಕ್ಕೆ ಫಿಟ್ಸ್ ಬರುವ ಮಟ್ಟಕ್ಕೆ ಎಷ್ಟು ಇನ್ಸುಲಿನ್ ಇಳಿಸುತ್ತದೋ ಅಷ್ಟನ್ನು ಒಂದು ಯೂನಿಟ್ ಅಂತ ಶುರು ಮಾಡಿದ್ದು, ಆಮೇಲೆ ಅದನ್ನು ತಿದ್ದಿಕೊಂಡು ಬಂದರು. ಅಂದರೆ ಯೂನಿಟ್ ಅನ್ನೋದು ಎಂಎಲ್ ಥರ ಕಣ್ಣಿಗೆ ಕಾಣುವ ಅಳತೆಯೇ ಅಲ್ಲ, ಅದು ಔಷಧಿಯ ಕಸುವಿನ ಅಳತೆ. ಸಿರಿಂಜ್ ಮೇಲಿನ ಗೆರೆ ಅದನ್ನು ಜಾಗದ ಅಳತೆಯಾಗಿ ಬದಲಾಯಿಸುತ್ತದೆ, ಬಾಟಲಿ ಯಾವುದು ಅಂತ ಗೊತ್ತಿದ್ದರೆ ಮಾತ್ರ. ನಾನು ಆ 'ಮಾತ್ರ'ವನ್ನು ಬಿಟ್ಟು ಗೆರೆ ನಂಬಿದ್ದೆ.

ಅಲ್ಲಿಂದ ಆಚೆ ಎಲ್ಲ ಕಡೆ ಅದೇ ಕಾಣತೊಡಗಿತು. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್: 10 ಎಂಎಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ (ಲವಣದ ಅಳತೆ), ನೋಡೋಕೆ ಡಿಸ್ಟಿಲ್ಡ್ ವಾಟರ್ ಇದ್ದ ಹಾಗೇ. ದೊಡ್ಡ ಬಾಟ್ಲಿಯಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿಸಿದರೆ ಜೀವ ಉಳಿಸುತ್ತದೆ, ಹಾಗೇ ನರಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ಡ್ರಿಪ್ ಸೆಟ್‌ನಲ್ಲೂ ಅದೇ ಕತೆ. ಮಾಮೂಲಿ ಸೆಟ್‌ನಲ್ಲಿ ಒಂದು ಎಂಎಲ್‌ಗೆ 20 ಹನಿ, ಮಕ್ಕಳ ಮೈಕ್ರೋ ಸೆಟ್‌ನಲ್ಲಿ 60. "ನಿಮಿಷಕ್ಕೆ 40 ಹನಿ" ಅಂತ ಬರೆದು ಯಾವ ಸೆಟ್ ಅಂತ ಬರೆಯದಿದ್ದರೆ ಆ ಬರಹಕ್ಕೆ ಅರ್ಥವೇ ಇಲ್ಲ. ಕೈಬರಹದ್ದಂತೂ ಇನ್ನೊಂದು ಪುರಾಣ. 4 ಆದಮೇಲೆ ಅವಸರದಲ್ಲಿ ಬರೆದ ಇಂಗ್ಲಿಷ್ 'ಯು' ಸೊನ್ನೆ ಥರ ಕಾಣುತ್ತದೆ, ನಾಲ್ಕು ಯೂನಿಟ್ ನಲವತ್ತಾಗುತ್ತದೆ. 1.0ರಲ್ಲಿ ಚುಕ್ಕಿ ಮಸುಕಾದರೆ ಹತ್ತು.

ಹೆರಿಗೆ ವಾರ್ಡಿನ ಮೆಗ್ನೀಸಿಯಂ ಸಲ್ಫೇಟ್ ನನ್ನನ್ನು ಇನ್ನೂ ಸ್ವಲ್ಪ ಪಳಗಿಸಿತು. ಬಿಪಿ ಏರಿ ಫಿಟ್ಸ್ ಬಂದ ಬಸುರಿಗೆ ಅದು. ನಮ್ಮಲ್ಲಿ ಬರುವ ಆಂಪ್ಯೂಲ್ 50 ಪರ್ಸೆಂಟ್, ಅಂದರೆ 2 ಎಂಎಲ್‌ನಲ್ಲಿ ಒಂದು ಗ್ರಾಂ. ಮೊದಲು 4 ಗ್ರಾಂ ನರಕ್ಕೆ, ಅದೂ ತೆಳು ಮಾಡಿ ನಿಧಾನಕ್ಕೆ: ನಾಲ್ಕು ಆಂಪ್ಯೂಲ್, ಎಂಟು ಎಂಎಲ್, ಅದಕ್ಕೆ ಹನ್ನೆರಡು ಎಂಎಲ್ ಸೇರಿಸಿ ಇಪ್ಪತ್ತು. ಆಮೇಲೆ ಎರಡೂ ಪಿರ್ರೆಗೆ ಐದೈದು ಗ್ರಾಂ. ಒಂದು ಹೆಣ್ಣಿಗೆ ಹದಿನಾಲ್ಕು ಆಂಪ್ಯೂಲ್, ಮೊದಲ ಸಲ ನೋಡಿದವರಿಗೆ ತಪ್ಪು ಬರೆದಿದ್ದಾರೆ ಅನ್ನಿಸುತ್ತದೆ. ನಾಲ್ಕು ಗಂಟೆಗೊಮ್ಮೆ ಮುಂದಿನ ಡೋಸ್, ಪ್ರತಿ ಸಲವೂ ಅದಕ್ಕೆ ಮೊದಲು ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಜಿಗಿಯುತ್ತದಾ ನೋಡಬೇಕು, ಉಸಿರು ಎಣಿಸಬೇಕು, ಮೂತ್ರದ ಚೀಲ ನೋಡಬೇಕು. ಕಾಲು ಜಿಗಿಯದಿದ್ದರೆ ಡೋಸ್ ನಿಲ್ಲಿಸು, ಡಾಕ್ಟರನ್ನು ಕರೆ. ಉಸಿರು ಇಳಿದರೆ ಕೊಡೋಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಪಕ್ಕದಲ್ಲೇ ಇರಬೇಕು, ಬೀರುವಿನೊಳಗೆ ಅಲ್ಲ. ಈ ಔಷಧಿಯಲ್ಲಿ ಉತ್ತರದ ಅರ್ಧ ಆಂಪ್ಯೂಲ್ ಮೇಲಿದೆ, ಇನ್ನರ್ಧ ಆ ಹೆಂಗಸಿನ ಮಂಡಿಯಲ್ಲಿದೆ ಅಂತ ನನಗೆ ಅನ್ನಿಸಿತ್ತು.

ಅಟ್ರೋಪಿನ್ ಅಂತೂ ಲೆಕ್ಕವನ್ನೇ ತಲೆಕೆಳಗು ಮಾಡಿತು. ನಮ್ಮ ಕಡೆ "ಎಣ್ಣಿ ಕುಡದಾನ" ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದಿದ್ದಾನೆ ಅಂತ. ಮಳೆ ಕೈಕೊಟ್ಟ ವರ್ಷ ಅಂಥವರು ಬರುವುದು ಹೊಸದಲ್ಲ, ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲಾರೆ. ಆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್. ಅದರ ಆಂಪ್ಯೂಲ್ ಒಂದು ಎಂಎಲ್, ಅದರಲ್ಲಿ 0.6 ಮಿಲಿಗ್ರಾಂ. ಬೇರೆ ರೋಗಿಗೆ ಒಂದು ಆಂಪ್ಯೂಲ್ ಕೊಟ್ಟರೇ ಬಾಯಿ ಒಣಗಿ ಎದೆ ಹೊಡೆದುಕೊಳ್ಳುತ್ತದೆ. ಅಂಥ ಒಬ್ಬ ಬಂದ ರಾತ್ರಿ ಐದು ಆಂಪ್ಯೂಲ್‌ನಿಂದ ಶುರು ಮಾಡಿ, ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾ ಹೋದರು. ಇಬ್ಬರು ಸ್ಟೂಡೆಂಟ್‌ಗಳ ಕೆಲಸ ಆಂಪ್ಯೂಲ್ ಒಡೆಯುವುದು ಮಾತ್ರ. ಬೆರಳೆಲ್ಲ ಗಾಜಿನ ಗೀರು. ಒಡೆದ ಖಾಲಿ ಆಂಪ್ಯೂಲ್‌ಗಳನ್ನು ಎಸೆಯಬೇಡಿ, ಕಿಡ್ನಿ ಟ್ರೇಯಲ್ಲಿ ಹತ್ತತ್ತರ ಗುಡ್ಡೆ ಮಾಡಿ ಅಂದರು ಸಿಸ್ಟರ್, ಲೆಕ್ಕ ತಪ್ಪಬಾರದು ಅಂತ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಯಾವ ಲೇಬಲ್ ಮೇಲೂ ಇರಲಿಲ್ಲ. ಡಾಕ್ಟರ್ ಮತ್ತೆ ಮತ್ತೆ ಎದೆಗೆ ಸ್ಟೆತ್ ಇಟ್ಟು ಗೊರಗೊರ ಸದ್ದು ಹೋಯಿತಾ ಕೇಳುತ್ತಿದ್ದರು, ನನಗೆ ಕಂಕುಳ ಮುಟ್ಟಿ ನೋಡು ಅನ್ನುತ್ತಿದ್ದರು. ಒದ್ದೆ, ಒದ್ದೆ, ಒದ್ದೆ, ಇನ್ನೂ ಒದ್ದೆ. ಮೂರು ಗಂಟೆ ಹೊತ್ತಿಗೆ ಒಣಗಿತ್ತು. ಒಣ ಕಂಕುಳ ಮುಟ್ಟಿ ಇಷ್ಟು ಖುಷಿ ಆಗಬಹುದು ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ.

ಇನ್ಸುಲಿನ್ ಅಜ್ಜ ನಾಲ್ಕು ದಿನ ಬಿಟ್ಟು ಮನೆಗೆ ಹೋದ. ಹೋಗುವಾಗ ಅಜ್ಜಿ ಉಕ್ಕಿನ ಲೋಟ ಹುಡುಕಿಕೊಂಡು ನನ್ನ ಹತ್ತಿರ ಬಂದಿದ್ದಳು. ಅವಳು ಅವತ್ತು ಏನು ಮಾಡಿದಳು ಅಂತ ಹೇಳಬೇಕು ಅಂದುಕೊಂಡೆ, ಧೈರ್ಯ ಬರಲಿಲ್ಲ. ಲೋಟ ತೊಳೆದು ಕೊಟ್ಟೆ. ಈಗ ಯಾರಿಗೆ ಇಂಜೆಕ್ಷನ್ ಕೊಡುವಾಗಲೂ "ಮನೇಲಿ ದಿನಾ ಹೇಗೆ ತಗೋತೀರಿ, ತೋರಿಸಿ" ಅಂತ ಕೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ, ಈ ಹುಡುಗಿಗೆ ಏನೂ ಬರೋದಿಲ್ಲ ಅಂತ ಪಕ್ಕದ ಬೆಡ್‌ನವರಿಗೆ ಹೇಳುತ್ತಾರೆ. ಹೇಳಲಿ ಬಿಡಿ.

ಹೋದ ವಾರ ರಾತ್ರಿ ಅವ್ವ ಫೋನ್ ಮಾಡಿದಳು. ಅಕ್ಕನ ಮಗುವಿಗೆ ಜ್ವರ, ವರ್ಷ ತುಂಬಿದೆ, ಹತ್ತು ಕೆಜಿ ಇದೆ. ಮನೆಯಲ್ಲಿ ಜ್ವರದ ಔಷಧಿ ಇದೆ, ಒಂದು ಚಮಚ ಹಾಕಲಾ ಅಂತ. ಜ್ವರದ ಔಷಧಿ ಅಂದರೆ ಪ್ಯಾರಾಸಿಟಮಾಲ್ ಅಂತ ಗೊತ್ತು. ಆದರೆ ಅದೂ ಹಲವು ಥರ. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ ಐದು ಎಂಎಲ್‌ಗೆ 125, ಇನ್ನೊಂದರಲ್ಲಿ ಐದು ಎಂಎಲ್‌ಗೆ 250. ಹತ್ತು ಕೆಜಿ ಮಗುವಿಗೆ ಒಂದು ಸಲಕ್ಕೆ ಬೇಕಾಗಿದ್ದು ಹೆಚ್ಚೆಂದರೆ 150. ಅವ್ವನ ಒಂದು ಚಮಚ (ಐದು ಎಂಎಲ್) ಡ್ರಾಪ್ಸ್ ಬಾಟ್ಲಿಯದ್ದಾದರೆ 500 ಆಗುತ್ತದೆ.

"ಬಾಟ್ಲಿ ಮೇಲೆ ಏನ್ ಬರ್ದೈತಿ ಓದು" ಅಂದೆ.

"ಎಲ್ಲಾ ಇಂಗ್ಲಿಷ್‌ನಾಗ ಐತಿ. ಇರುವಿ ಹರದಂಗ ಅಕ್ಷರ."

"ಫೋಟೋ ಹೊಡದು ಕಳಸು."

ಎರಡು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಹಿಂದೆ ಅಡುಗೆಮನೆ ಕಟ್ಟೆ, ಬೆಳಕು ಮಂದ. ಲೇಬಲ್ ಅರ್ಧ ಕಾಣುತ್ತಿತ್ತು. ಔಷಧಿ ಹೆಸರಿದೆ, ಅದರ ಮುಂದೆ ಒಂದು 1, ಆಮೇಲಿಂದು ಅವ್ವನ ಹೆಬ್ಬೆರಳು.

"ಹೆಬ್ಬಟ್ಟು ತಗದು ಇನ್ನೊಮ್ಮೆ ಹೊಡಿಬೇ" ಅಂದೆ. ಫೋನ್ ಇಟ್ಟು ಕಾಯುತ್ತಾ ಕೂತೆ.